ರಸ್ತೆಯ ಬೆನ್ನು ಮುರಿಯುವ ಹೊರೆ

ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಬಂದಿಳಿದರೆ ನನ್ನ ಬಿಳಿಯ ಅಂಗಿ ಕೆಂಪಾಗಿರುತ್ತದೆ. ಕಬ್ಬಿಣದ ಅದಿರು ಹೊತ್ತ ಲಾರಿಗಳ ಪ್ರಸಾದವದು. ಭೀಮಸಮುದ್ರದ ಅಡಕೆಯ ಗರಿಗಳಿಗೂ ಅದೇ ಬಣ್ಣ. ಅಂಗಿಯನ್ನೇನೋ ಒಗೆಯಬಹುದು, ಮುರಿದ ರಸ್ತೆಯನ್ನು ಒಗೆಯಲಾದೀತೇ?

"ಒಂದೆರಡು ಟನ್ನು ಹೆಚ್ಚಾದರೇನಂತೆ?" ಎನ್ನುವವರುಂಟು. ಏನೆಂಬುದನ್ನು ಲೆಕ್ಕವೇ ಹೇಳುತ್ತದೆ. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನೋಡಿಸಿ ಪರೀಕ್ಷಿಸಿದರು. ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಯ ಸವೆತ ಸುಮಾರು 16 ಪಟ್ಟು! ನಾಲ್ಕು ಟೈರಿನ ಒಂಟಿ ಅಚ್ಚಿನ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 10.2 ಟನ್ನಿನಿಂದ 11.5ಕ್ಕೆ ಏರಿಸಿತು. ಆ ಲೆಕ್ಕದಲ್ಲಿ ಸವೆತ ಆಗಲೇ ಹಿಂದಿನ ಒಂದೂವರೆ ಪಟ್ಟನ್ನು ಮೀರಿತು. ಅದರ ಮೇಲೂ ಹೇರುವುದು ದುರಾಸೆಯಲ್ಲದೆ ಮತ್ತೇನು?

"ದಂಡ ಕಟ್ಟಿದೆವಲ್ಲ" ಎನ್ನುತ್ತಾರೆ. ದಂಡವೆಂಬುದು ಅಪ್ಪಣೆಯ ಚೀಟಿಯಲ್ಲ, ಸ್ವಾಮಿ! ಹೆಚ್ಚಿನ ಹೊರೆಯನ್ನು ಇಳಿಸಿದ ಹೊರತು ಲಾರಿ ಮುಂದೆ ಸಾಗಕೂಡದೆಂದು ಸುಪ್ರೀಂ ಕೋರ್ಟು 2005ರಲ್ಲಿಯೇ ಹೇಳಿದೆ. 2011ರಲ್ಲಿ ಅದೇ ಕೋರ್ಟು ಈ ಜಿಲ್ಲೆಯ ಅದಿರಿನ ಗಣಿಗಾರಿಕೆಯನ್ನೇ ತಡೆಯಿತು. 2013ರಲ್ಲಿ ನಿಬಂಧನೆಗಳೊಡನೆ ಮತ್ತೆ ತೆರೆಯಲು ಒಪ್ಪಿತು.

ಗಣಿಯೇ ಬೇಡವೆನ್ನುವವನು ನಾನಲ್ಲ. ನನ್ನ ಮನೆಯ ಕಿಟಕಿಯ ಸರಳೂ ಕಬ್ಬಿಣದ್ದೇ. ಆದರೆ ಹಿರಿಯೂರಿನ ರೈತನಾಗಲಿ, ಹೊಸದುರ್ಗದ ಶಾಲೆಯ ಹುಡುಗನಾಗಲಿ ತಮ್ಮ ಪಾಲಿನ ರಸ್ತೆಯನ್ನು ಅದಿರಿಗೆ ಬರೆದುಕೊಟ್ಟಿಲ್ಲ. ಗಣಿಯ ಬಾಗಿಲಲ್ಲೇ ತೂಗಲಿ, ಮಿಕ್ಕದ್ದನ್ನು ಅಲ್ಲೇ ಇಳಿಸಲಿ. ಲಾಭ ಒಬ್ಬರ ಮಡಿಲಿಗೆ, ಗುಂಡಿ ಊರಿಗೆಲ್ಲ. ಇದಾವ ನ್ಯಾಯ?