ಮಾತು ಬಾರದವರು ಯಾರು?

ಪದವಿ ಕಾಲೇಜಿನ ಕೊನೆಯ ವರ್ಷದಲ್ಲಿ ಒಂದು ದಿನದ ‘ಸಾಫ್ಟ್ ಸ್ಕಿಲ್ಸ್’ ಕಾರ್ಯಾಗಾರ ಈಗ ಮಾಮೂಲು. ಅಲ್ಲಿ ಬಹಳಷ್ಟು ಸಲ ಒಂದೇ ಸ್ಲೈಡ್: ಸಂವಹನದಲ್ಲಿ ಪದಗಳ ಪಾಲು ಶೇ. 7, ದನಿಯದು ಶೇ. 38, ಹಾವಭಾವದ್ದು ಶೇ. 55. ಇಷ್ಟು ಹೇಳಿದ ತರಬೇತುದಾರರು ಆಮೇಲೆ ಸಂಜೆಯವರೆಗೂ ಮಕ್ಕಳ ಇಂಗ್ಲಿಷ್ ವಾಕ್ಯ ತಿದ್ದುತ್ತಾರೆ! ಪದಗಳಿಗೆ ಏಳೇ ಅಂಕವಾದರೆ ವ್ಯಾಕರಣದ ಮೇಲೆ ಇಷ್ಟೇಕೆ ಸಿಟ್ಟು?

ಆ ಲೆಕ್ಕದ ಮೂಲವನ್ನಾದರೂ ನೋಡೋಣ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಂಗಡಿಗರು 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಅದು ಹುಟ್ಟಿತು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಒಂದರಲ್ಲಿ ಮುಖದ ಫೋಟೊಗಳನ್ನೂ ತೋರಿಸಿ, ಮಾತಾಡಿದವರಿಗೆ ಎದುರಿನವರು ಇಷ್ಟವೋ ಅಲ್ಲವೋ ಎಂದು ಊಹಿಸಲು ಹೇಳಿದ್ದರು. ಭಾವನೆ, ಇಷ್ಟಾನಿಷ್ಟಗಳ ಮಾತಿಗಷ್ಟೇ ಈ ಸೂತ್ರ ಎಂದು ಮೆಹ್ರಾಬಿಯನ್ನರೇ ಹೇಳಿದ್ದಾರೆ. ನಮ್ಮ ಸ್ಲೈಡುಗಳಿಗೆ ಆ ಮಾತು ತಲುಪಿಲ್ಲ. ಸಂವಹನ ಕಲಿಸುವವರದೇ ಈ ಪಾಡು.

ನಾಲ್ಕು ಜನರೊಡನೆ ಹೊಂದಿಕೊಂಡು, ಹೇಳಬೇಕಾದ್ದನ್ನು ತಿಳಿಯುವಂತೆ ಹೇಳುವುದು ಉದ್ಯೋಗದಲ್ಲಿ ಬೇಕೇ ಬೇಕು. ಪಿಎಚ್‌ಡಿ ಮಾಡುವ ನನ್ನಂಥವರಿಗೂ ಕ್ಷೇತ್ರಕಾರ್ಯದಲ್ಲಿ ಜಗಲಿಯ ಮೇಲೆ ಕೂತು ಮಾತಾಡಿಸಲು ಬರದಿದ್ದರೆ ಪ್ರಶ್ನಾವಳಿಯ ಕಾಗದ ಖಾಲಿಯೇ ಉಳಿಯುತ್ತದೆ. ನನ್ನ ಜಗಳವಿರುವುದು ಯಾರ ಮಾತನ್ನು ಕೌಶಲವೆಂದು ಎಣಿಸುತ್ತೇವೆ ಎಂಬುದರ ಬಗ್ಗೆ.

ಆಶಾ ಕಾರ್ಯಕರ್ತೆಯನ್ನೇ ನೋಡಿ. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನ ನಿಂತಿರುವುದು ಆಕೆಯ ಮಾತಿನ ಮೇಲೆ. ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಮೊದಲು ಅತ್ತೆಯ ಹತ್ತಿರ ಕೂತು ಸೊಸೆಯ ಸುದ್ದಿ ಬಿಟ್ಟು ಊರಿನ ಸುದ್ದಿಯೆಲ್ಲ ಆಡಬೇಕು. ಚುಚ್ಚುಮದ್ದು ಹಾಕಿಸಿದ ಮಗುವಿಗೆ ಜ್ವರ ಬಂದರೆ ಬೈಗುಳ ಕೇಳಿ, ಮತ್ತೆ ಅದೇ ಮನೆಯ ಬಾಗಿಲು ತಟ್ಟಬೇಕು. ಕುಡಿದ ಗಂಡನೆದುರು ಯಾವ ಮಾತು ಆಡಬಾರದು ಎಂಬುದೂ ಗೊತ್ತಿರಬೇಕು. ಕಂಪನಿಗಳಲ್ಲಿ ಇದಕ್ಕೆ ‘ಎಂಪಥಿ’, ‘ನೆಗೋಶಿಯೇಶನ್’ ಎಂದೆಲ್ಲ ಹೆಸರುಂಟು, ಸಂಬಳವೂ ಉಂಟು. ಸರ್ಕಾರದ ಕಡತದಲ್ಲಿ ಈಕೆ ಮಾತ್ರ ‘ಸ್ವಯಂಸೇವಕಿ’. 2025ರ ಜನವರಿಯ ಚಳಿಯಲ್ಲಿ ಇವರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದರು. ಕೌಶಲವಿದ್ದರೆ ಏಳಿಗೆ ತಾನಾಗಿ ಬರುತ್ತದೆ ಎನ್ನುವವರು ಅಲ್ಲಿಗೊಮ್ಮೆ ಹೋಗಿ ಬರಬೇಕಿತ್ತು.

ಇಂಥ ತಾಯಂದಿರ ಮಕ್ಕಳೇ ಆ ಕಾರ್ಯಾಗಾರದ ಹಿಂದಿನ ಬೆಂಚುಗಳಲ್ಲಿ ಇರುವುದು. ಅಪ್ಪನ ಬೆಳೆಸಾಲಕ್ಕೆ ಬ್ಯಾಂಕಿನ ಮ್ಯಾನೇಜರ ಜೊತೆ ವಾದಿಸಿ ಬಂದ ಹುಡುಗಿಗೆ ಇಲ್ಲಿ ‘ಕಮ್ಯುನಿಕೇಶನ್ ಇಲ್ಲ’ ಎಂಬ ಷರಾ. ಆಕೆಗೆ ಇಲ್ಲದಿರುವುದು ಇಂಗ್ಲಿಷ್. ಅದು ಬೇಕೆಂದರೆ ಇಂಗ್ಲಿಷ್ ಎಂದೇ ಕರೆದು, ಮೂರು ವರ್ಷವೂ ನೆಟ್ಟಗೆ ಕಲಿಸಿ. ಅತಿಥಿ ಉಪನ್ಯಾಸಕರನ್ನು ಸೆಮಿಸ್ಟರಿನ ನಡುವಿಗೆ ನೇಮಿಸುವ ಚಾಳಿ ಬಿಡಿ. ಭಾಷೆಯ ಕೊರತೆಗೆ ವ್ಯಕ್ತಿತ್ವದ ಕೊರತೆ ಎಂದು ಹೆಸರಿಟ್ಟರೆ ಹುಡುಗಿ ಕನ್ನಡದಲ್ಲೂ ಬಾಯಿ ಬಿಡುವುದಿಲ್ಲ.

ಇನ್ನು ಕ್ಯಾಂಪಸ್ ಸಂದರ್ಶನ. ಕನ್ನಡ ಮಾತಾಡುವ ಗಿರಾಕಿಗಳ ಜೊತೆ ದಿನವಿಡೀ ಏಗಬೇಕಾದ ವಿಮೆ, ಬ್ಯಾಂಕು, ಆಸ್ಪತ್ರೆಯ ಕೆಲಸಗಳಿಗೂ ಗುಂಪು ಚರ್ಚೆ ಇಂಗ್ಲಿಷಿನಲ್ಲೇ ಏಕೆ? ಒಮ್ಮೆ ಕನ್ನಡದಲ್ಲಿ ನಡೆಸಿ, ಆಗ ಯಾರು ತಡವರಿಸುತ್ತಾರೋ ನೋಡೋಣ.