ತಪ್ಪೊಪ್ಪಿಗೆಗೆ ರುಜು ಹಾಕುವ ಮುನ್ನ

ನಮ್ಮ ಪಿಂಪಳಗಾಂವ್ ಬಸವಂತ್ ಮುಂಬಯಿ–ಆಗ್ರಾ ಹೆದ್ದಾರಿಯ ಮೇಲಿನ ಊರು. ಈರುಳ್ಳಿ, ಟೊಮೇಟೊ, ದ್ರಾಕ್ಷಿಗಳ ಪೇಟೆಯೆಂದು ಇದಕ್ಕೆ ಹೆಸರಿದೆ. ಇದೇ ಹೆದ್ದಾರಿಯಲ್ಲಿ ನಾಸಿಕದ ಕಡೆಗೆ ತುಸು ದೂರ ಸಾಗಿದರೆ ಓಝರ್ ಸಿಗುವುದು. ಮಿಗ್ ವಿಮಾನಗಳ ನಿರ್ಮಾಣಕ್ಕಾಗಿ 1964ರಲ್ಲಿ ಹಿಂದುಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯು ಅಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿತು. ಈಗ ಅಲ್ಲಿನ ನಿಲ್ದಾಣಕ್ಕೆ ಪ್ರಯಾಣಿಕರ ವಿಮಾನಗಳೂ ಬಂದುಹೋಗುತ್ತವೆ. ಹೀಗಾಗಿ ನಮ್ಮ ಹೊಟೇಲುಗಳ ಹಿತ್ತಿಲಲ್ಲಿ ಬೆಳೆಯುವ ಮಕ್ಕಳು ನೆಲದ ಮೇಲೆ ಲಾರಿಗಳನ್ನೂ ತಲೆಯ ಮೇಲೆ ವಿಮಾನಗಳನ್ನೂ ನೋಡುತ್ತಲೇ ದೊಡ್ಡವರಾಗುತ್ತಾರೆ. ಭಟ್ಟರ ಮಗನೊಬ್ಬನು, ಗುಮಾಸ್ತರ ಮಗಳೊಬ್ಬಳು ತಾನು ವೈಮಾನಿಕವೃತ್ತಿಗೆ ಹೋಗುವೆನೆಂದು ಹೇಳಿದರೆ ಇಂದು ಯಾರೂ ನಗಬೇಕಾಗಿಲ್ಲ. ಇದೇ ಮಾರ್ಗದಲ್ಲಿ ಮುಂದೆ ಸಿಗುವ ಧುಳೆ ಜಿಲ್ಲೆಯಲ್ಲಿ ಹಾರಾಟ ಕಲಿಸುವ ಶಾಲೆಯಿದೆ. ನಮ್ಮ ತಾಯ್ನಾಡಿನಲ್ಲಿ ಬೆಂಗಳೂರಿನ ಬಳಿಯ ಜಕ್ಕೂರಿನ ಸರಕಾರಿ ಶಾಲೆಯಿದೆ.

ಈ ವೃತ್ತಿಗೆ ಹಣ ಬೇಕು, ವಿದ್ಯೆ ಬೇಕು, ಆರೋಗ್ಯ ಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಶುದ್ಧವಾದ ದಾಖಲೆಯೂ ಬೇಕೆಂಬುದನ್ನು ನಮ್ಮವರು ಸಾಕಷ್ಟು ಗಮನಿಸಿಲ್ಲ. ರಸ್ತೆಯಲ್ಲಿ ಸ್ಕೂಟರು ಓಡಿಸಿದ ರೀತಿಗೂ ಮುಂದೆ ವಿಮಾನ ಹಾರಿಸುವ ಯೋಗ್ಯತೆಗೂ ಸಂಬಂಧವುಂಟೆ ಎಂದು ಕೇಳುವವರಿದ್ದಾರೆ. ಈ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಒಮ್ಮೆ ಪೋಲೀಸರ ಕೈಗೆ ಸಿಕ್ಕವನ ಭವಿಷ್ಯ ಮುಗಿಯಿತೆಂಬ ಹೆದರಿಕೆ ಒಂದು. ಜುಲ್ಮಾನೆ ಕಟ್ಟಿದರೆ ಎಲ್ಲವೂ ತೊಳೆದುಹೋಯಿತೆಂಬ ಧೈರ್ಯ ಇನ್ನೊಂದು. ಎರಡೂ ನಿಜವಲ್ಲ, ಎರಡರಿಂದಲೂ ನಮ್ಮ ಮಕ್ಕಳಿಗೆ ಹಾನಿಯಿದೆ.

ಮೊದಲು ಕಾನೂನಿನ ಸ್ಥಿತಿಯನ್ನು ನೋಡೋಣ. ವಾಣಿಜ್ಯ ವೈಮಾನಿಕನ ಲೈಸೆನ್ಸಿಗೆ 18 ವರ್ಷ ವಯಸ್ಸಾಗಿರಬೇಕು, 12ನೆಯ ತರಗತಿಯ ವಿದ್ಯೆಯಾಗಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, 200 ಗಂಟೆಗಳ ಹಾರಾಟವಾಗಿರಬೇಕು, ಲಿಖಿತ ಪರೀಕ್ಷೆಗಳು ಮುಗಿದಿರಬೇಕು. ಕೆಂಪು ದೀಪ ದಾಟಿದವನಿಗೆ, ಹೆಲ್ಮೆಟ್ ಧರಿಸದವನಿಗೆ ಈ ಲೈಸೆನ್ಸು ಸಿಗದೆಂದು ಯಾವ ನಿಯಮವೂ ಹೇಳುವುದಿಲ್ಲ. ಸಾಧಾರಣ ಚಲನುಗಳ ಜುಲ್ಮಾನೆಯನ್ನು ಕಟ್ಟಿ ಮುಗಿಸಲು ಮೋಟಾರು ವಾಹನಗಳ ಕಾಯಿದೆಯೇ ಅವಕಾಶ ಕೊಟ್ಟಿದೆ. ಆದುದರಿಂದ ಒಂದು ಚಲನಿನ ಚೀಟಿ ಕಂಡು ತಂದೆತಾಯಿಗಳು ಎದೆಗೆಡಬೇಕಾದ ಕಾರಣವಿಲ್ಲ.

ಆದರೆ ಕುಡಿದು ವಾಹನ ನಡೆಸಿದ ಅಪರಾಧದ ಸಂಗತಿ ಬೇರೆ. 1988ರ ಕಾಯಿದೆಯ 185ನೆಯ ಕಲಮಿನಂತೆ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಾಂಶವಿದ್ದರೆ ಅದು ಅಪರಾಧ. 2019ರ ತಿದ್ದುಪಡಿಯ ತರುವಾಯ ಮೊದಲ ಸಲಕ್ಕೆ 10,000 ರೂಪಾಯಿ ಜುಲ್ಮಾನೆ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಇದನ್ನು ರಸ್ತೆಬದಿಯಲ್ಲಿ ಹಣ ಕಟ್ಟಿ ಮುಗಿಸುವಂತಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ಅಲ್ಲಿ ‘ತಪ್ಪಾಯಿತು’ ಎಂದು ಒಪ್ಪಿ ಜುಲ್ಮಾನೆ ಕಟ್ಟಿದವನು ಶಿಕ್ಷೆಗೊಳಗಾದ ಅಪರಾಧಿಯೆಂದೇ ದಾಖಲಾಗುತ್ತಾನೆ. ಹಣ ಸಣ್ಣದಾದ ಮಾತ್ರಕ್ಕೆ ಆ ದಾಖಲೆ ಸಣ್ಣದಾಗುವುದಿಲ್ಲ.

ವೈಮಾನಿಕ ವೃತ್ತಿಯು ಈ ಅಪರಾಧವನ್ನು ಇಷ್ಟು ಗಂಭೀರವಾಗಿ ಕಾಣುವುದಕ್ಕೆ ಕಾರಣವಿದೆ. ಕಾರು ನಡೆಸುವವನಿಗೆ ಕಾನೂನು 30 ಮಿಲಿಗ್ರಾಮಿನ ಮಿತಿಯನ್ನು ಇಟ್ಟಿದೆ. ವಿಮಾನ ನಡೆಸುವವನಿಗೆ ಇಟ್ಟ ಮಿತಿ ಸೊನ್ನೆ. ಹಾರಾಟಕ್ಕೆ ಮೊದಲಿನ ಹನ್ನೆರಡು ಗಂಟೆಗಳಲ್ಲಿ ಅವನು ಮದ್ಯವನ್ನು ಮುಟ್ಟಕೂಡದು. ಉಸಿರಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಮೊದಲ ಸಲ ಮೂರು ತಿಂಗಳು, ಎರಡನೆಯ ಸಲ ಮೂರು ವರ್ಷ ಲೈಸೆನ್ಸು ಅಮಾನತ್ತಿನಲ್ಲಿರುವುದು. ಮೂರನೆಯ ಸಲ ಲೈಸೆನ್ಸೇ ರದ್ದು. ಇದು ಬರಿಯ ಕಾಗದದ ಮೇಲಿನ ನಿಯಮವಲ್ಲ. 2018ರ ನವೆಂಬರಿನಲ್ಲಿ ಏರ್ ಇಂಡಿಯಾದ ಕಾರ್ಯಾಚರಣೆಗಳ ನಿರ್ದೇಶಕರೇ ದೆಹಲಿಯಿಂದ ಲಂಡನ್ನಿಗೆ ಹೊರಡುವ ಮುನ್ನ ಈ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅವರ ಲೈಸೆನ್ಸು ಮೂರು ವರ್ಷಗಳ ಕಾಲ ಅಮಾನತ್ತಾಯಿತು. ನಿರ್ದೇಶಕ ಪದವಿಯೂ ಹೋಯಿತು. ಅಷ್ಟು ಎತ್ತರದಲ್ಲಿದ್ದವರಿಗೂ ಬಿಡದ ನಿಯಮವು ನಿನ್ನೆ ಮೊನ್ನೆ ಸೇರಿದ ತರುಣನಿಗೆ ರಿಯಾಯಿತಿ ತೋರಿಸುವುದೆಂದು ಭಾವಿಸಬಾರದು. 2022ರ ಜನವರಿ ಕೊನೆಯಿಂದ ಗಾಂಜಾ, ಅಫೀಮು ಮೊದಲಾದ ಮಾದಕ ವಸ್ತುಗಳ ಪರೀಕ್ಷೆಯೂ ಜಾರಿಗೆ ಬಂದಿದೆ. ಉದ್ಯೋಗ ಕೊಡುವ ಮುನ್ನ ಮಾತ್ರವಲ್ಲ, ಹಾರಾಟದ ಶಾಲೆಗೆ ಸೇರಿಸಿಕೊಳ್ಳುವ ಮುನ್ನವೂ ಆ ಪರೀಕ್ಷೆ ನಡೆಯತಕ್ಕದ್ದು.

ಅಮೆರಿಕೆಯಲ್ಲಿ ಇದು ಇನ್ನೂ ನೇರವಾಗಿದೆ. ಕುಡಿದು ಕಾರು ನಡೆಸಿ ಶಿಕ್ಷೆಯಾದ ಇಲ್ಲವೆ ಕಾರಿನ ಲೈಸೆನ್ಸು ಕಳೆದುಕೊಂಡ ವೈಮಾನಿಕನು 60 ದಿನಗಳೊಳಗೆ ಅದನ್ನು ಅಲ್ಲಿನ ವಿಮಾನಯಾನ ಇಲಾಖೆಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿರುವುದೇ ಪ್ರತ್ಯೇಕ ಅಪರಾಧವೆನಿಸಿ ಲೈಸೆನ್ಸಿಗೆ ಕುತ್ತು ಬರಬಹುದು. ಅಲ್ಲಿ ಹಾರಾಟ ಕಲಿಯಲು ಮಕ್ಕಳನ್ನು ಕಳುಹಿಸುವ ಕನ್ನಡ ಕುಟುಂಬಗಳು ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ನಮ್ಮ ದೇಶದಲ್ಲಿ ಪೋಲೀಸ್ ದಾಖಲೆಯು ಬೇರೆ ಬಾಗಿಲುಗಳಲ್ಲಿ ಎದುರಾಗುತ್ತದೆ. ಅಂಥ ಬಾಗಿಲುಗಳು ಮೂರು. ಮೊದಲನೆಯದು ಪಾಸ್‌ಪೋರ್ಟು. ಅದಿಲ್ಲದೆ ಪರದೇಶಕ್ಕೆ ಹಾರುವಂತಿಲ್ಲ. 1967ರ ಪಾಸ್‌ಪೋರ್ಟ್ ಕಾಯಿದೆಯಂತೆ ನ್ಯಾಯಾಲಯದಲ್ಲಿ ಕ್ರಿಮಿನಲ್ ಖಟ್ಲೆ ನಡೆಯುತ್ತಿದ್ದರೆ ಪಾಸ್‌ಪೋರ್ಟನ್ನು ನಿರಾಕರಿಸಬಹುದು; ಆದರೆ ನ್ಯಾಯಾಲಯದ ಅಪ್ಪಣೆ ತಂದರೆ ಪಡೆಯಲು 1993ರ ಪ್ರಕಟಣೆಯೊಂದು ದಾರಿ ಮಾಡಿಕೊಟ್ಟಿದೆ. ನೈತಿಕ ಅಧಃಪತನದ ಅಪರಾಧಕ್ಕೆ ಕಳೆದ ಐದು ವರ್ಷಗಳಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಾಗಿದ್ದರೂ ನಿರಾಕರಿಸಬಹುದು. ಎರಡನೆಯ ಬಾಗಿಲು ವಿಮಾನ ನಿಲ್ದಾಣದೊಳಗೆ ಹೋಗುವ ಪಾಸು. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಅದನ್ನು ಕೊಡುವ ಮುನ್ನ ಪೋಲೀಸರಿಂದ ಚಾರಿತ್ರ್ಯದ ಪರಿಶೀಲನೆಯಾಗುತ್ತದೆ. ಆ ಪಾಸಿಲ್ಲದವನಿಗೆ ಲೈಸೆನ್ಸಿದ್ದರೂ ವಿಮಾನದ ಬಳಿಗೆ ಹೋಗುವ ದಾರಿಯಿಲ್ಲ. ಮೂರನೆಯದು ಕಂಪೆನಿಯು ಕೊಡುವ ಅರ್ಜಿಯ ನಮೂನೆ. ನಿಮ್ಮ ಮೇಲೆ ಎಂದಾದರೂ ಖಟ್ಲೆ ಇತ್ತೆ, ಶಿಕ್ಷೆಯಾಗಿತ್ತೆ ಎಂಬ ಪ್ರಶ್ನೆ ಅಲ್ಲಿ ಕಾದಿರುತ್ತದೆ.

ಈ ಮೂರನೆಯ ಬಾಗಿಲಲ್ಲಿ ಎಡವುವವರು ಬಹಳ. ‘ಇಲ್ಲ’ ಎಂದು ಬರೆದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಬುದ್ಧಿವಾದವನ್ನು ಹೇಳುವವರೂ ಬಹಳ. ಸರಕಾರಿ ನೌಕರಿಗಳ ಇಂಥ ಪ್ರಸಂಗಗಳನ್ನು ಕುರಿತು ಸುಪ್ರೀಮ್ ಕೋರ್ಟು 2016ರಲ್ಲಿ ಅವತಾರ್ ಸಿಂಗ್ ಖಟ್ಲೆಯಲ್ಲಿ ವಿವರವಾದ ತೀರ್ಪನ್ನು ಕೊಟ್ಟಿದೆ. ಕೊಟ್ಟ ಮಾಹಿತಿ ಸತ್ಯವಾಗಿರಬೇಕು. ಎಳೆಯ ವಯಸ್ಸಿನ ಕ್ಷುಲ್ಲಕ ಪ್ರಕರಣವನ್ನು ಉದ್ಯೋಗದಾತನು ಮನ್ನಿಸಬಹುದು. ಆದರೆ ಗಂಭೀರ ಸಂಗತಿಯನ್ನು ಬೇಕೆಂದೇ ಮುಚ್ಚಿಟ್ಟವನನ್ನು ಕೆಲಸದಿಂದ ತೆಗೆಯಬಹುದು ಎಂಬುದು ಅದರ ಸಾರ. ಖಾಸಗಿ ಕಂಪೆನಿಗಳ ಮನೋಧರ್ಮ ಇದಕ್ಕಿಂತ ಸಡಿಲವಾಗಿರುವುದೆಂದು ನಂಬಲು ಆಧಾರವಿಲ್ಲ. 2011ರಲ್ಲಿ ನಕಲಿ ಅಂಕಪಟ್ಟಿಗಳಿಂದ ಲೈಸೆನ್ಸು ಗಿಟ್ಟಿಸಿದ ವೈಮಾನಿಕರು ಸಿಕ್ಕಿಬಿದ್ದು ಸೆರೆಯಾದುದನ್ನು ದೇಶವೆಲ್ಲ ಕಂಡಿತು. ಸುಳ್ಳು ಹೇಳಿ ಲೈಸೆನ್ಸು ಪಡೆದವನನ್ನು ಅನರ್ಹಗೊಳಿಸುವ ಅಧಿಕಾರ ವಿಮಾನ ನಿಯಮಗಳಲ್ಲಿಯೇ ಇದೆ. ಹಳೆಯ ತಪ್ಪನ್ನು ಮನ್ನಿಸುವವರು ಸಿಗಬಹುದು. ಇಂದಿನ ಸುಳ್ಳನ್ನು ಮನ್ನಿಸುವವರು ಸಿಗುವುದು ಕಷ್ಟ.

ಇಷ್ಟು ಕಾನೂನಿನ ಮಾತಾಯಿತು. ಇನ್ನು ನಮ್ಮ ಮನೆಯ ಮಾತು. ನಾವು ಹೊಟೇಲು ನಡೆಸಿದವರು. ಈ ಉದ್ಯಮದ ಒಳಹೊರಗನ್ನು ಬಲ್ಲವರು. ಆದುದರಿಂದ ಇದನ್ನು ಹೇಳುವ ಹೊಣೆ ನಮ್ಮ ಮೇಲಿದೆ. ಹಾಲಿಗೆ, ತರಕಾರಿಗೆ, ಪಾರ್ಸೆಲಿಗೆ ಎಂದು ಹದಿನಾರು ಹದಿನೇಳು ವರ್ಷದ ಹುಡುಗನ ಕೈಗೆ ಸ್ಕೂಟರಿನ ಚಾವಿ ಕೊಡುವ ಪದ್ಧತಿ ಹೆದ್ದಾರಿಯ ಹೊಟೇಲುಗಳಲ್ಲಿ ಇಂದಿಗೂ ನಿಂತಿಲ್ಲ. ಕೆಲವರು ಅವನಿಗೆ ಟೆಂಪೋವನ್ನೂ ಕೊಡುತ್ತಾರೆ. 18 ತುಂಬದವನು ಗೇರಿನ ವಾಹನ ನಡೆಸುವಂತಿಲ್ಲ. ಬಾಡಿಗೆ ಸಾಗಣೆಯ ವಾಹನಕ್ಕೆ 20 ತುಂಬಿರಬೇಕು. 2019ರಲ್ಲಿ ಸೇರಿಸಿದ 199ಎ ಕಲಮು ಏನು ಹೇಳುತ್ತದೆಂಬುದನ್ನು ಪ್ರತಿಯೊಬ್ಬ ಮಾಲಿಕನೂ ಗಲ್ಲದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು. ಬಾಲಕನು ವಾಹನ ನಡೆಸಿ ಅಪರಾಧ ಮಾಡಿದರೆ ಅವನ ಪಾಲಕನಾಗಲಿ ವಾಹನದ ಮಾಲಿಕನಾಗಲಿ ತಪ್ಪಿತಸ್ಥನೆನಿಸಿ ಮೂರು ವರ್ಷಗಳವರೆಗೆ ಸೆರೆ ಮತ್ತು 25,000 ರೂಪಾಯಿ ಜುಲ್ಮಾನೆಗೆ ಗುರಿಯಾಗುವನು. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುವುದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಸಿಗದು. ಮಾಲಿಕನಿಗೆ ಉಳಿದದ್ದು ಅರ್ಧ ಗಂಟೆಯ ಕೂಲಿ; ಹುಡುಗನು ಕಳೆದುಕೊಳ್ಳುವುದು ಏಳೆಂಟು ವರ್ಷ.

ಇದಕ್ಕಿಂತ ಕೆಟ್ಟದಾದ ಇನ್ನೊಂದು ರೂಢಿಯಿದೆ. ಗಾಡಿ ನಡೆಸಿದವನು ಒಬ್ಬ, ಠಾಣೆಯಲ್ಲಿ ಹೆಸರು ಕೊಡುವವನು ಇನ್ನೊಬ್ಬ. “ನೀನು ಒಪ್ಪಿಕೋ ಮಾರಾಯಾ, ಜುಲ್ಮಾನೆ ನಾನು ಕಟ್ಟುತ್ತೇನೆ, ವಕೀಲರನ್ನು ನಾನು ಇಡುತ್ತೇನೆ” ಎಂದು ಧಣಿಗಳ ಕಡೆಯವರು ಹೇಳಿದಾಗ ಊರುಬಿಟ್ಟು ಬಂದ ಕ್ಲೀನರನಾಗಲಿ ಮಾಣಿಯಾಗಲಿ ಏನೆಂದು ಉತ್ತರಿಸಿಯಾನು? ಅನ್ನ ಹಾಕುವ ಕೈಯೇ ಕಾಗದವನ್ನು ಮುಂದಿಡುತ್ತದೆ. 2024ರ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ 17 ವರ್ಷದ ಹುಡುಗನೊಬ್ಬನ ಕಾರು ಬಡಿದು ಇಬ್ಬರು ತರುಣ ಇಂಜಿನಿಯರರು ಸತ್ತ ಪ್ರಕರಣವನ್ನು ವಾಚಕರು ಮರೆತಿರಲಾರರು. ತಪ್ಪನ್ನು ತನ್ನ ಮೇಲೆ ಹೊತ್ತುಕೊಳ್ಳುವಂತೆ ಮನೆಯ ಡ್ರೈವರನನ್ನು ಬಲವಂತಪಡಿಸಲಾಯಿತೆಂದು ಪೋಲೀಸರು ಆಗ ಆರೋಪ ಹೊರಿಸಿದರು. ಆ ಆರೋಪದ ನಿಜಾನಿಜವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆದರೆ ಆ ಸುದ್ದಿಯನ್ನೋದಿದಾಗ ಹೆದ್ದಾರಿಯ ಹೊಟೇಲುಗಳ ಕೆಲಸಗಾರರಿಗೆ ಅದೇನೂ ಹೊಸದೆನಿಸಲಿಲ್ಲವೆಂಬುದೇ ದುಃಖದ ಸಂಗತಿ. ನಿರ್ಲಕ್ಷ್ಯದಿಂದ ಸಾವು ತಂದುದಕ್ಕೆ ಹೊಸ ನ್ಯಾಯ ಸಂಹಿತೆಯಲ್ಲಿ ಐದು ವರ್ಷಗಳವರೆಗೆ ಸೆರೆಯುಂಟು. ಅಂಥದನ್ನು ಧಣಿಗಳ ಮಾತಿಗೆ ಕಟ್ಟುಬಿದ್ದು ತಲೆಯ ಮೇಲೆ ಹೊತ್ತುಕೊಂಡವನು ವಿಮಾನದ ಮಾತಿರಲಿ, ನಾಳೆ ಕೊಲ್ಲಿದೇಶದ ಹೊಟೇಲಿನಲ್ಲಿ ಕೆಲಸಕ್ಕೆ ಹೋಗಲೂ ಪೋಲೀಸರ ಚಾರಿತ್ರ್ಯಪತ್ರಕ್ಕಾಗಿ ಪರದಾಡಬೇಕಾದೀತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದಕ್ಕೇ.

ಮಾಡದ ತಪ್ಪನ್ನು ಬೇಗ ಮುಗಿಯಲೆಂದು ಒಪ್ಪಿಕೊಳ್ಳುವವರೂ ಇದ್ದಾರೆ. ತಾರೀಖಿಗೊಮ್ಮೆ ಕೋರ್ಟಿಗೆ ಹೋದರೆ ದಿನದ ಸಂಬಳ ಹೋಗುವುದು. ಮರಾಠಿಯಲ್ಲಿ ಬರೆದ ಕಾಗದ ಓದಲು ಬಾರದು. ಜೊತೆಗೆ ನಿಲ್ಲುವವರು ಇಲ್ಲ. ಇವರ ಕಷ್ಟವನ್ನು ನಾವು ಅರಿಯದವರಲ್ಲ. ಆದರೆ ಇದಕ್ಕೂ ಉಪಾಯವಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಕಡಿಮೆ ವರಮಾನದವರಿಗೆ, ಸ್ತ್ರೀಯರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಸರಕಾರದ ಖರ್ಚಿನಲ್ಲಿ ವಕೀಲರು ದೊರೆಯುವರು. ತಾಲ್ಲೂಕಿಗೊಂದು ಸಮಿತಿ ಇದಕ್ಕಾಗಿಯೇ ಇದೆ. ನಿಜವಾಗಿ ತಪ್ಪು ಮಾಡಿದ ತರುಣನಿಗೂ ಕಾನೂನು ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. 1958ರ ಅಪರಾಧಿಗಳ ಪರೀಕ್ಷಣಾ ಕಾಯಿದೆಯಂತೆ ಸನ್ನಡತೆಯ ಮೇಲೆ ಬಿಡುಗಡೆ ಪಡೆದವನಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟದು. 2015ರ ಬಾಲನ್ಯಾಯ ಕಾಯಿದೆಯು ಬಾಲಕರಿಗೆ ಅದೇ ರಕ್ಷಣೆಯನ್ನು ಕೊಟ್ಟಿದೆ; 16 ದಾಟಿ ಘೋರ ಅಪರಾಧಕ್ಕಾಗಿ ಪ್ರೌಢರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರಾದವರಿಗೆ ಮಾತ್ರ ಅದಿಲ್ಲ. ಈ ರಕ್ಷಣೆಗಳನ್ನು ಮ್ಯಾಜಿಸ್ಟ್ರೇಟರ ಮುಂದೆ ಕೇಳಿಕೊಳ್ಳಬೇಕು. ಬಾಯಿ ಬಿಡದೆ ಜುಲ್ಮಾನೆ ಕಟ್ಟಿ ಬಂದವನಿಗೆ ಅವು ದೊರೆಯುವುದು ಹೇಗೆ?

ಆದುದರಿಂದ ನಮ್ಮ ಸೂಚನೆಗಳಿಷ್ಟೆ. ಮಾಲಿಕರು ಲೈಸೆನ್ಸಿಲ್ಲದ ಹುಡುಗನಿಗೆ ಚಾವಿ ಕೊಡುವುದನ್ನು ಇಂದೇ ನಿಲ್ಲಿಸಲಿ. ಗಾಡಿ ನಡೆಸಿದವನ ಹೆಸರನ್ನೇ ಠಾಣೆಯಲ್ಲಿ ಬರೆಯಿಸಲಿ. ನಮ್ಮ ಸಂಘಗಳು ವಾರ್ಷಿಕೋತ್ಸವಕ್ಕೆ ಖರ್ಚು ಮಾಡುವ ಹಣದಲ್ಲಿ ಒಂದಂಶವನ್ನು ತೆಗೆದಿರಿಸಿ, ಕನ್ನಡ ಬಲ್ಲ ವಕೀಲರೊಬ್ಬರು ತಿಂಗಳಿಗೊಮ್ಮೆ ಕೆಲಸಗಾರರ ಕಾಗದಗಳನ್ನು ಓದಿ ಹೇಳುವ ಏರ್ಪಾಡು ಮಾಡಲಿ. ಹಿಂದೆ ಮುಂಬಯಿಯ ಕನ್ನಡಿಗರು ಹೊಟೇಲಿನ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿ ಅವರನ್ನು ಗುಮಾಸ್ತರನ್ನಾಗಿ, ವಕೀಲರನ್ನಾಗಿ ಮಾಡಲಿಲ್ಲವೆ? ಅಕ್ಷರ ಕಲಿಸಿದ ಸಮಾಜಕ್ಕೆ ರುಜು ಹಾಕುವ ವಿವೇಕವನ್ನು ಕಲಿಸುವುದು ಹೊರೆಯಾಗಲಾರದು.

ತರುಣರಿಗೊಂದು ಮಾತು. ಕುಡಿದ ದಿನ ಗಾಡಿ ಮುಟ್ಟಬೇಡಿ. ಚಲನು ಬಂದರೆ ಕಟ್ಟಿ ರಸೀದಿಯನ್ನು ಜೋಪಾನವಾಗಿಡಿ. ಸಮನ್ಸು ಬಂದರೆ ಹರಿದೆಸೆಯದೆ ವಕೀಲರಿಗೆ ತೋರಿಸಿ. ಅರ್ಜಿಯಲ್ಲಿ ಕೇಳಿದುದಕ್ಕೆ ನಿಜವನ್ನೇ ಬರೆಯಿರಿ. ಇನ್ನೊಬ್ಬರ ತಪ್ಪಿಗೆ ನಿಮ್ಮ ಹೆಸರನ್ನು ಕೊಡುವಂತೆ ಯಾರೇ ಕೇಳಲಿ, ಎಷ್ಟೇ ಉಪಕಾರ ಮಾಡಿದವರು ಕೇಳಲಿ, ಕೈಮುಗಿದು ಆಗದೆಂದು ಹೇಳಿ. ಅದರಿಂದ ಒಂದು ಹೊಟೇಲಿನ ಕೆಲಸ ಹೋದೀತು. ಹೆದ್ದಾರಿಯುದ್ದಕ್ಕೂ ಬೇರೆ ಹೊಟೇಲುಗಳಿವೆ. ಶುದ್ಧವಾದ ಹೆಸರನ್ನು ಮರಳಿ ಕೊಡುವ ಅಂಗಡಿ ಮಾತ್ರ ಎಲ್ಲಿಯೂ ಇಲ್ಲ.