ಡೆಲಿವರಿ ಸವಾರರ ಗಳಿಕೆ: ಹೋಲಿಕೆಗೆ ಬೇಕು ಒಂದೇ ಅಳತೆಗೋಲು

ಯಾವ ಆ್ಯಪ್‌ನಲ್ಲಿ ದುಡಿದರೆ ಹೆಚ್ಚು ಹಣ ಕೈಸೇರುತ್ತದೆ? ಹೋಟೆಲುಗಳ ಮುಂದೆ ಪಾರ್ಸೆಲ್‌ಗಾಗಿ ಕಾಯುವ ಸವಾರರ ನಡುವೆ ಪ್ರತಿದಿನವೂ ಕೇಳಿಬರುವ ಪ್ರಶ್ನೆ ಇದು. ಒಂದು ಆ್ಯಪ್ ಪ್ರತಿ ಆರ್ಡರಿಗೆ ರೂ. 50 ಕೊಡುತ್ತದೆ, ಇನ್ನೊಂದು ರೂ. 40 ಕೊಡುತ್ತದೆ ಎಂಬ ಮಾತಿನಲ್ಲೇ ಸಾಮಾನ್ಯವಾಗಿ ಈ ಹೋಲಿಕೆ ಮುಗಿದುಬಿಡುತ್ತದೆ. ಆದರೆ ವಹಿವಾಟಿನ ಮೊತ್ತ ನೋಡಿ ಲಾಭವನ್ನು ನಿರ್ಧರಿಸಲಾಗದು ಎಂಬುದು ವ್ಯಾಪಾರಿಗಳೆಲ್ಲರಿಗೂ ತಿಳಿದ ಸತ್ಯ. ಸ್ವಂತ ವಾಹನ, ಸ್ವಂತ ಪೆಟ್ರೋಲ್, ಸ್ವಂತ ಫೋನಿನೊಂದಿಗೆ ದುಡಿಯುವ ಸವಾರನೂ ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ಒಬ್ಬ ಸಣ್ಣ ಉದ್ಯಮಿಯೇ. ಅವನಿಗೂ ಲಾಭ-ನಷ್ಟದ ಲೆಕ್ಕ ಬೇಕು.

ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸೋಣ. ಮೊದಲನೆಯ ಆ್ಯಪ್‌ನಲ್ಲಿ ಸವಾರನೊಬ್ಬ 10 ಗಂಟೆಗಳಲ್ಲಿ ರೂ. 50ರಂತೆ 20 ಆರ್ಡರ್ ಪೂರೈಸುತ್ತಾನೆ. ಎರಡನೆಯದರಲ್ಲಿ ಅಷ್ಟೇ ಅವಧಿಯಲ್ಲಿ ರೂ. 40ರಂತೆ 25 ಆರ್ಡರ್ ಪೂರೈಸುತ್ತಾನೆ. ಎರಡರಲ್ಲೂ ಒಟ್ಟು ಗಳಿಕೆ ರೂ. 1,000. ಆದರೆ ಹೋಟೆಲಿಗೆ ಹೋಗುವ ಮತ್ತು ಬರಿಗೈಯಲ್ಲಿ ಮರಳುವ ದೂರವೂ ಸೇರಿ ಮೊದಲನೆಯದರಲ್ಲಿ ಆರ್ಡರಿಗೆ 6 ಕಿ.ಮೀ., ಎರಡನೆಯದರಲ್ಲಿ 4 ಕಿ.ಮೀ. ಸವಾರಿಯಾದರೆ, ದಿನದ ಓಡಾಟ ಕ್ರಮವಾಗಿ 120 ಮತ್ತು 100 ಕಿ.ಮೀ. ಇಂಧನ ಮತ್ತು ದುರಸ್ತಿಗೆ ಕಿ.ಮೀ.ಗೆ ರೂ. 2.50 ಎಂದು ಹಿಡಿದರೆ, ಉಳಿಯುವುದು ರೂ. 700 ಮತ್ತು ರೂ. 750. ಆರ್ಡರಿಗೆ ಕಾಲುಭಾಗ ಹೆಚ್ಚು ಕೊಡುವಂತೆ ಕಂಡ ಆ್ಯಪ್‌ನಲ್ಲೇ 26 ದಿನಗಳ ದುಡಿಮೆಗೆ ರೂ. 1,300 ಕಡಿಮೆಯಾಯಿತು.

ಆದ್ದರಿಂದ ಹೋಲಿಕೆಯ ಮಾನದಂಡ ಆರ್ಡರಿನ ದರವಾಗಿರಬಾರದು. ಕಾಯುವ ಸಮಯವೂ ಸೇರಿದಂತೆ ಲಾಗಿನ್ ಆಗಿರುವ ಪ್ರತಿ ಗಂಟೆಯ ನಿವ್ವಳ ಗಳಿಕೆಯಾಗಿರಬೇಕು.

ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಈಗಾಗಲೇ ಇಡಲಾಗಿದೆ. 2025ರ ಡಿಸೆಂಬರ್ 31ರಂದು ನಡೆದ ಸವಾರರ ಮುಷ್ಕರದ ಬೆನ್ನಲ್ಲೇ, 2026ರ ಜನವರಿಯಲ್ಲಿ ಜೊಮ್ಯಾಟೊ ಸಂಸ್ಥಾಪಕ ದೀಪಿಂದರ್ ಗೋಯಲ್ ಕೆಲವು ಅಂಕಿಗಳನ್ನು ಬಹಿರಂಗಪಡಿಸಿದರು. ಅವರ ಪ್ರಕಾರ, ಟಿಪ್ಸ್ ಹೊರತುಪಡಿಸಿ ಗಂಟೆಯ ಸರಾಸರಿ ಗಳಿಕೆ 2024ರಲ್ಲಿ ರೂ. 92 ಇದ್ದದ್ದು 2025ರಲ್ಲಿ ರೂ. 102 ಆಗಿದೆ. ದಿನಕ್ಕೆ 10 ಗಂಟೆಯಂತೆ 26 ದಿನ ದುಡಿದರೆ ಸುಮಾರು ರೂ. 26,500, ಇಂಧನ ಮತ್ತು ನಿರ್ವಹಣೆಗೆ ಸುಮಾರು ಶೇ. 20 ಕಳೆದರೆ ಸುಮಾರು ರೂ. 21,000. ಕಾಯುವ ಸಮಯವನ್ನೂ ಲೆಕ್ಕಕ್ಕೆ ಹಿಡಿದಿರುವುದು ಸ್ವಾಗತಾರ್ಹ.

ಆದರೂ ಲೆಕ್ಕಪರಿಶೋಧಕನ ಕಣ್ಣಿಗೆ ಇಲ್ಲಿ ಎರಡು ಕೊರತೆಗಳು ಕಾಣುತ್ತವೆ. ಮೊದಲನೆಯದು ಸವಕಳಿ. ರೂ. 90,000ದ ದ್ವಿಚಕ್ರ ವಾಹನವನ್ನು ನಾಲ್ಕು ವರ್ಷ ದುಡಿಸಿ ರೂ. 18,000ಕ್ಕೆ ಮಾರಿದರೆ, ತಿಂಗಳ ಸವಕಳಿ ರೂ. 1,500 ಆಗುತ್ತದೆ. ಸಾಲದ ಬಡ್ಡಿ, ವಾಹನ ವಿಮೆ, ಫೋನಿನ ಖರ್ಚು ಬೇರೆ. ಎರಡನೆಯದು ಸರಾಸರಿಯ ಸ್ವರೂಪ. ಅದೇ ಹೇಳಿಕೆಯಂತೆ 2025ರಲ್ಲಿ ಒಬ್ಬ ಸವಾರ ದುಡಿದದ್ದು ಸರಾಸರಿ 38 ದಿನ. 250 ದಿನಗಳಿಗಿಂತ ಹೆಚ್ಚು ದುಡಿದವರು ಶೇ. 2.3 ಮಾತ್ರ. ಬಿಡುವಿನಲ್ಲಿ ಊಟದ ಹೊತ್ತಿಗಷ್ಟೇ ಬಂದು ಹೋಗುವವನ ಗಂಟೆಯೂ, ಮಧ್ಯಾಹ್ನದ ಮಂದ ವೇಳೆಯಲ್ಲೂ ಬೀದಿಯಲ್ಲಿ ಕಾಯುವವನ ಗಂಟೆಯೂ ಒಂದೇ ಆಗಲಾರದು. ಇದೇ ಕಸುಬನ್ನು ನಂಬಿ ಸಂಸಾರ ನಡೆಸುವವರ ಅಂಕಿಗಳನ್ನು ಪ್ರತ್ಯೇಕವಾಗಿ ತೋರಿಸಬೇಕು.

ಮೂಲದಲ್ಲೇ ಕಡಿತವಾಗುವ ತೆರಿಗೆಯ ಬಗ್ಗೆಯೂ ಒಂದು ಮಾತು. ಗುತ್ತಿಗೆ ಪಾವತಿಯೆಂದು ಪರಿಗಣಿಸಿ ಶೇ. 1ರಂತೆ ಕಡಿತ ಮಾಡಿದಲ್ಲಿ, ಆ ಮೊತ್ತವನ್ನು ಖರ್ಚೆಂದು ಭಾವಿಸಬಾರದು. ತೆರಿಗೆ ಹೊಣೆ ಇಲ್ಲದ ಸವಾರ ವಿವರಪಟ್ಟಿ ಸಲ್ಲಿಸಿ ಅದನ್ನು ಮರಳಿ ಪಡೆಯಬಹುದು. ಸಲ್ಲಿಸದವನಿಗೆ ಮಾತ್ರ ಅದು ನಷ್ಟ.

ನಮ್ಮ ಸದಸ್ಯರಾದ ಹೋಟೆಲ್ ಹಾಗೂ ಅಂಗಡಿ ಮಾಲೀಕರಿಗೆ ಈ ಲೆಕ್ಕ ಏಕೆ ಬೇಕು? ನೌಕರರು ಕೆಲಸ ಬಿಟ್ಟು ಆ್ಯಪ್‌ಗಳತ್ತ ಹೋಗುತ್ತಿದ್ದಾರೆ ಎಂಬ ದೂರು ಸಾಮಾನ್ಯವಾಗಿದೆ. ಆದರೆ ಮಾಲೀಕರು ತೆರುವ ಶೇ. 12ರ ಭವಿಷ್ಯನಿಧಿ ವಂತಿಗೆ, ಶೇ. 3.25ರ ಇಎಸ್‌ಐ ವಂತಿಗೆ ಮತ್ತು ವೇತನಸಹಿತ ರಜೆ, ಸಂಬಳದೊಡನೆ ಸೇರುವ ನಿಜವಾದ ಮೌಲ್ಯಗಳೇ ಆಗಿವೆ. ಆ್ಯಪ್‌ನ ಒಟ್ಟು ಗಳಿಕೆಯನ್ನು ಕೈಗೆ ಬರುವ ಸಂಬಳದೊಡನೆ ಹೋಲಿಸುವ ಯುವಕನಿಗೆ ಇವು ಕಾಣುವುದಿಲ್ಲ. ಪೂರ್ಣ ಲೆಕ್ಕ ಮುಂದಿದ್ದರೆ ಅವನು ತಿಳಿದು ಆಯ್ಕೆ ಮಾಡುತ್ತಾನೆ. ಮಾಲೀಕರಿಗೂ ತಾವು ಎಲ್ಲಿ ಹಿಂದುಳಿದಿದ್ದೇವೆಂದು ಗೊತ್ತಾಗುತ್ತದೆ.

ಕಾನೂನಿನ ಹಾದಿಯೂ ತೆರೆದಿದೆ. ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ಕರ್ನಾಟಕವು 2025ರಲ್ಲಿ ಕಾಯ್ದೆ ಜಾರಿಗೊಳಿಸಿತು. ಕಾರ್ಮಿಕರಿಗೆ ನೀಡುವ ಪಾವತಿಯ ಮೇಲೆ ಶೇ. 1ರಿಂದ 5ರ ಮಿತಿಯಲ್ಲಿ ಕಲ್ಯಾಣ ಶುಲ್ಕವನ್ನು ಕಂಪನಿಗಳು ತೆರಬೇಕು. ಒಪ್ಪಂದದ ಷರತ್ತು ಬದಲಿಸುವ ಮುನ್ನ 14 ದಿನಗಳ ಸೂಚನೆ ನೀಡಬೇಕು. ಪಾವತಿ ಹಾಗೂ ಶುಲ್ಕದ ಪರಿಶೀಲನಾ ವ್ಯವಸ್ಥೆಯನ್ನೂ ಕಾಯ್ದೆ ಕಲ್ಪಿಸಿದೆ. ಪ್ರತಿ ಪಾವತಿಯೂ ದಾಖಲಾಗುವುದಾದರೆ, ಅದರಿಂದಲೇ ಸವಾರನಿಗೆ ಒಂದು ಪುಟದ ಮಾಸಿಕ ಗಳಿಕೆ ಪತ್ರ ನೀಡುವುದು ಕಷ್ಟವಲ್ಲ. ಅದರಲ್ಲಿ ಲಾಗಿನ್ ಗಂಟೆಗಳು, ಪೂರೈಸಿದ ಆರ್ಡರ್‌ಗಳು, ಹಣ ಸಂದ ದೂರ ಮತ್ತು ವಾಸ್ತವವಾಗಿ ಸಾಗಿದ ದೂರ, ಮೂಲ ಪಾವತಿ, ಪ್ರೋತ್ಸಾಹಧನ, ಟಿಪ್ಸ್ ಹಾಗೂ ಕಾರಣಸಹಿತ ಕಡಿತಗಳು ಎಲ್ಲ ಕಂಪನಿಗಳಲ್ಲೂ ಒಂದೇ ನಮೂನೆಯಲ್ಲಿರಬೇಕು.

ಇದರಿಂದ ವ್ಯಾಪಾರ ರಹಸ್ಯ ಬಯಲಾಗುತ್ತದೆಂಬ ಆಕ್ಷೇಪ ಬರಬಹುದು. ಜೊಮ್ಯಾಟೊ 2021ರಲ್ಲಿ, ಬೆಂಗಳೂರಿನ ಸ್ವಿಗ್ಗಿ 2024ರಲ್ಲಿ ಷೇರುಪೇಟೆ ಪ್ರವೇಶಿಸಿದವು. ಹೂಡಿಕೆದಾರರಿಗೆ ಪ್ರತಿ ತ್ರೈಮಾಸಿಕದಲ್ಲೂ ನಿಗದಿತ ನಮೂನೆಯಲ್ಲಿ ಲೆಕ್ಕ ಒಪ್ಪಿಸುವ ಸಂಸ್ಥೆಗಳಿಗೆ, ಬೆವರು ಸುರಿಸುವವನಿಗೆ ಅವನದೇ ಗಳಿಕೆಯ ಲೆಕ್ಕ ಕೊಡುವುದು ಭಾರವಾಗಬಾರದು. ನಮೂನೆಯ ಕರಡನ್ನು ಸಿದ್ಧಪಡಿಸಿ ಕಾರ್ಮಿಕ ಇಲಾಖೆಗೆ ಸಲ್ಲಿಸುವ ಕಾರ್ಯದಲ್ಲಿ ನಮ್ಮ ವಾಣಿಜ್ಯ ಮಂಡಳಿ ಮುಂದಾಗಲಿ. ಪಾರದರ್ಶಕ ಲೆಕ್ಕವಿರುವೆಡೆ ಸ್ಪರ್ಧೆಯೂ ನ್ಯಾಯಸಮ್ಮತವಾಗಿರುತ್ತದೆ.